ಮನೆ ದುರಸ್ತಿಯ ಮೇಸ್ತ್ರಿ ಎಷ್ಟು ದೂರ ಹೋಗುತ್ತಾನೆ? ಗಡಿನಾಡಿನ ಒಂದು ಕಸುಬಿನ ವ್ಯಾಪ್ತಿ ಮತ್ತು ಭಾಷೆ

ಗಡಿನಾಡಿನ ಭಾಷಾಸ್ಥಿತಿಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಶಾಲೆ, ಕಚೇರಿ, ಪತ್ರಿಕೆ, ಜನಗಣತಿಗಳನ್ನು ಆಧಾರವಾಗಿಟ್ಟುಕೊಂಡು ಸಾಗುತ್ತವೆ. ದಿನ ಬೆಳಗಾದರೆ ಗಡಿ ದಾಟಿ ಸಂಜೆ ಹಿಂದಿರುಗುವ ಕಸುಬುಗಳ ಕಡೆಗೆ ಅವುಗಳ ಗಮನ ಹರಿದದ್ದು ಕಡಿಮೆ. ಅಂಥ ಕಸುಬುಗಳಲ್ಲಿ ಮನೆ ದುರಸ್ತಿಯೂ ಒಂದು. ಹಳೆಯ ಮನೆಯ ಮಾಡು ಬಿಚ್ಚಿ ಮತ್ತೆ ಕಟ್ಟುವುದು, ಸೋರುವ ತಾರಸಿಯನ್ನು ಸರಿಪಡಿಸುವುದು, ಅಡುಗೆಮನೆಯನ್ನು ಹಿಗ್ಗಿಸುವುದು, ಹೊರಗಿದ್ದ ಬಚ್ಚಲನ್ನು ಮನೆಯೊಳಕ್ಕೆ ತರುವುದು ಮುಂತಾದ ಕೆಲಸಗಳನ್ನು ಗುತ್ತಿಗೆಗೆ ಹಿಡಿಯುವ ಮೇಸ್ತ್ರಿ ತನ್ನ ಊರಿನಿಂದ ಎಷ್ಟು ದೂರದವರೆಗೆ ಹೋಗುತ್ತಾನೆ? ಯಾವ ಕಾರಣಗಳು ಆ ದೂರವನ್ನು ಕುಗ್ಗಿಸುತ್ತವೆ, ಯಾವುವು ಹಿಗ್ಗಿಸುತ್ತವೆ? ಮೇಲ್ನೋಟಕ್ಕೆ ಇದು ಕೇವಲ ಸಾಗಾಟದ ಲೆಕ್ಕದಂತೆ ಕಾಣುತ್ತದೆ. ಆದರೆ ದುರಸ್ತಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಇಲ್ಲಿ ದೂರವನ್ನು ತೀರ್ಮಾನಿಸುವುದು ಎಷ್ಟು ಸಲ ಹೋಗಿಬರಬೇಕು ಮತ್ತು ಹೋದಾಗಲೆಲ್ಲ ಎಷ್ಟು ಮಾತಾಡಬೇಕು ಎಂಬ ಎರಡು ಸಂಗತಿಗಳು ಎಂಬುದು ತಿಳಿಯುತ್ತದೆ. ಕಾಸರಗೋಡಿನ ಕನ್ನಡ ಪ್ರದೇಶವನ್ನು ಮುಖ್ಯ ನಿದರ್ಶನವಾಗಿಯೂ ಅಕ್ಕಲಕೋಟೆ–ಸೊಲ್ಲಾಪುರ ಸೀಮೆಯನ್ನು ಹೋಲಿಕೆಗಾಗಿಯೂ ಇಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ವಿವರಿಸಲಾಗಿದೆ.

ಹೊಸ ಮನೆ, ಹಳೆ ಮನೆ

ಕಟ್ಟಡದ ಕಸುಬಿನಲ್ಲಿ ಹೊಸ ನಿರ್ಮಾಣ ಮತ್ತು ದುರಸ್ತಿ ಇವೆರಡರ ಆರ್ಥಿಕ ಸ್ವರೂಪ ಬೇರೆಬೇರೆ. ಹೊಸ ಮನೆ ಕಟ್ಟುವಾಗ ನಿವೇಶನ ಖಾಲಿಯಾಗಿರುತ್ತದೆ. ಅಲ್ಲಿಯೇ ಒಂದು ತಗಡಿನ ಶೆಡ್ಡು ಹಾಕಿ ಕೆಲಸಗಾರರನ್ನು ಇರಿಸಬಹುದು. ಸಿಮೆಂಟು, ಕಬ್ಬಿಣ, ಸೆಂಟ್ರಿಂಗ್ ಹಲಗೆಗಳನ್ನು ಒಮ್ಮೆ ಇಳಿಸಿದರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ನಕ್ಷೆ ಮೊದಲೇ ಸಿದ್ಧವಾಗಿರುವುದರಿಂದ ಚದರಡಿಗೆ ಇಷ್ಟು ಎಂದು ದರ ಗೊತ್ತುಮಾಡಬಹುದು. ಗುತ್ತಿಗೆದಾರ ವಾರಕ್ಕೆರಡು ಸಲ ಬಂದು ಹೋದರೂ ಕೆಲಸ ಸಾಗುತ್ತದೆ. ಹೀಗಾಗಿ ಹೊಸ ನಿರ್ಮಾಣದ ಕಸುಬಿಗೆ ದೂರ ಅಷ್ಟಾಗಿ ಅಡ್ಡಿಯಾಗದು. ಕಲಬುರಗಿ, ಯಾದಗಿರಿ ಸೀಮೆಯ ಕಟ್ಟಡ ಕಾರ್ಮಿಕರು ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರುಗಳವರೆಗೆ ಹೋಗಿ ತಿಂಗಳುಗಟ್ಟಲೆ ದುಡಿಯುವುದು ಈ ಕಾರಣದಿಂದಲೇ ಸಾಧ್ಯವಾಗಿದೆ.

ದುರಸ್ತಿಯಲ್ಲಿ ಮನೆಯವರು ಮನೆಯಲ್ಲೇ ಇರುತ್ತಾರೆ. ಒಲೆ ಉರಿಯುತ್ತಿರುತ್ತದೆ, ಮಕ್ಕಳು ಶಾಲೆಗೆ ಹೊರಡುತ್ತಿರುತ್ತಾರೆ, ವಯಸ್ಸಾದವರು ಒಳಗೆ ಮಲಗಿರುತ್ತಾರೆ. ಕೆಲಸದವರು ಅಲ್ಲಿ ರಾತ್ರಿ ತಂಗುವುದು ಕಷ್ಟ. ಬೆಳಿಗ್ಗೆ ಬಂದು ಸಂಜೆ ಹೋಗಬೇಕು, ಹೋಗುವ ಮುನ್ನ ಅಂಗಳ ಗುಡಿಸಿ ದಾರಿ ಬಿಡಿಸಬೇಕು. ಸಾಮಾನುಗಳನ್ನು ಅಂದಂದಿಗೆ ಬೇಕಾದಷ್ಟೇ ತರಬೇಕು. ಪ್ರಯಾಣಕ್ಕೆ ಹೋದ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಆ ಹೊತ್ತು ಕೆಲಸದ ಹೊತ್ತನ್ನೇ ಕಡಿಮೆ ಮಾಡುತ್ತದೆ.

ಇದನ್ನೊಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಮೇಸ್ತ್ರಿಯೊಬ್ಬ ನಾಲ್ವರು ಕೆಲಸದವರನ್ನು ಜೀಪಿನಲ್ಲಿ ಕರೆದೊಯ್ಯುವ ಖರ್ಚು ದಿನಕ್ಕೆ 1,000 ರೂಪಾಯಿ, ಅವನಿಗೆ ಉಳಿಯುವುದು ಒಟ್ಟು ಕೆಲಸದ ಶೇಕಡಾ 10 ಎಂದು ಇಟ್ಟುಕೊಳ್ಳೋಣ. ಎಂಟು ದಿನ ಹಿಡಿಯುವ 80,000 ರೂಪಾಯಿಯ ಬಚ್ಚಲುಮನೆ ಕೆಲಸದಲ್ಲಿ ಅವನ ಉಳಿಕೆ 8,000. ಜೀಪಿನ ಖರ್ಚೂ 8,000. ಅಂದರೆ ಕೈಗೆ ಏನೂ ಹತ್ತುವುದಿಲ್ಲ. 40 ದಿನ ಹಿಡಿಯುವ 8 ಲಕ್ಷ ರೂಪಾಯಿಯ ಮಾಡಿನ ಕೆಲಸದಲ್ಲಿ ಜೀಪಿಗೆ 40,000 ಹೋದರೂ ಇನ್ನು 40,000 ಉಳಿಯುತ್ತದೆ. 40 ಲಕ್ಷದ ಹೊಸ ಮನೆಯಾದರೆ ಕೆಲಸದವರು ಅಲ್ಲೇ ಇರುತ್ತಾರೆ. ಮೇಸ್ತ್ರಿ ಬೈಕಿನಲ್ಲಿ 60 ಸಲ ಹೋಗಿಬಂದು ಪ್ರತಿಸಲ 500 ರೂಪಾಯಿ ವೆಚ್ಚವಾದರೂ ಅದು 30,000 ಮೀರದು, ಉಳಿಕೆ 4 ಲಕ್ಷ. ಕೆಲಸ ಚಿಕ್ಕದಾದಷ್ಟೂ ಅದಕ್ಕಾಗಿ ಹೋಗಬಹುದಾದ ದೂರವೂ ಚಿಕ್ಕದಾಗುತ್ತದೆ ಎಂಬುದು ಈ ಲೆಕ್ಕದ ತಾತ್ಪರ್ಯ.

ಲೆಕ್ಕಕ್ಕೆ ಸಿಗದ ಓಡಾಟಗಳೂ ಇವೆ. ಕೆಲಸ ಒಪ್ಪುವ ಮೊದಲು ಮೇಸ್ತ್ರಿ ಒಮ್ಮೆಯಾದರೂ ಹೋಗಿ ಮನೆ ನೋಡಬೇಕು. ಹಾಗೆ ನೋಡಿ ಅಂದಾಜು ಹೇಳಿದ ಕೆಲಸಗಳೆಲ್ಲ ಅವನಿಗೇ ಸಿಗುತ್ತವೆಂಬ ಖಾತ್ರಿಯಿಲ್ಲ. ಮೇಲಾಗಿ ಹಳೆಯ ಮನೆಯ ಒಳಗಿನ ಸ್ಥಿತಿ ಬಿಚ್ಚಿ ನೋಡುವವರೆಗೆ ತಿಳಿಯುವುದಿಲ್ಲ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಪಕಾಸನ್ನು ಗೆದ್ದಲು ಒಳಗಿನಿಂದ ತಿಂದಿರಬಹುದು. ಸಾರಣೆ ಕಿತ್ತಾಗ ಗೋಡೆಯ ಕಲ್ಲು ಪುಡಿಯಾಗಿರುವುದು ಕಾಣಬಹುದು. ಆಗ ಅಂದಾಜು ಬದಲಾಗುತ್ತದೆ, ಮಾತುಕತೆ ಮತ್ತೆ ಮೊದಲಿನಿಂದ ನಡೆಯುತ್ತದೆ. ಕೆಲಸ ಮುಗಿದ ಮೇಲೂ ಋಣ ಹರಿಯುವುದಿಲ್ಲ. ಮೊದಲ ಮಳೆಗೆ ಮಾಡು ಸೋರಿದರೆ ಮೇಸ್ತ್ರಿ ಬರಲೇಬೇಕು. ಆದ್ದರಿಂದ ಮನೆಯವರ ದೃಷ್ಟಿಯಲ್ಲಿ ಹತ್ತಿರದವನಾಗಿರುವುದೇ ಒಂದು ಜಾಮೀನು. ಕರೆದರೆ ಬರುವಷ್ಟು ಹತ್ತಿರ, ಬರದಿದ್ದರೆ ಹೋಗಿ ಕೇಳುವಷ್ಟು ಹತ್ತಿರ ಇರುವವನಿಗೇ ಅವರು ಕೆಲಸ ಒಪ್ಪಿಸುತ್ತಾರೆ.

ಕಾಸರಗೋಡಿನ ವರ್ತುಲ

ಈ ಹಿನ್ನೆಲೆಯಲ್ಲಿ ಕಾಸರಗೋಡನ್ನು ಗಮನಿಸಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲ್ಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಮಂಗಳೂರಿನ ಮೇಸ್ತ್ರಿ ಕುಂಬಳೆಯಲ್ಲಿ ಮಾಡು ಕಟ್ಟುವುದು, ಬದಿಯಡ್ಕದ ಆಚಾರಿ ವಿಟ್ಲದಲ್ಲಿ ಬಾಗಿಲು ಕೂರಿಸುವುದು ಅಂದು ಜಿಲ್ಲೆಯೊಳಗಿನ ಓಡಾಟ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಅದೇ ದಾರಿ ಅಂತರರಾಜ್ಯ ದಾರಿಯಾಯಿತು. ದಾರಿಯ ಉದ್ದ ಮಾತ್ರ ಬದಲಾಗಲಿಲ್ಲ. ಮಂಗಳೂರಿನಿಂದ ಕಾಸರಗೋಡು ಪೇಟೆಗೆ ಸುಮಾರು 50 ಕಿಲೋಮೀಟರ್. ಮಂಜೇಶ್ವರ, ಹೊಸಂಗಡಿ, ಉಪ್ಪಳಗಳು ಅದಕ್ಕಿಂತಲೂ ಹತ್ತಿರ. ಒಳನಾಡಿನಲ್ಲಿ ಕಲ್ಲಡ್ಕ–ವಿಟ್ಲ–ಅಡ್ಯನಡ್ಕ–ಪೆರ್ಲ–ಬದಿಯಡ್ಕ ರಸ್ತೆಯೂ ಸುಳ್ಯ–ಜಾಲ್ಸೂರು–ಮುಳ್ಳೇರಿಯ–ಚೆರ್ಕಳ ರಸ್ತೆಯೂ ಇದೇ ಬಗೆಯ ದಾರಿಗಳು. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರವೇ ದುರಸ್ತಿಯ ಸಹಜ ವರ್ತುಲವಾದರೆ, ಇಲ್ಲಿ ಆ ವರ್ತುಲವನ್ನು ರಾಜ್ಯದ ಗಡಿ ಅಡ್ಡಲಾಗಿ ಸೀಳುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಗೆ, ಕರ್ನಾಟಕವು ಗಡಿ ರಸ್ತೆಗಳ ಮೇಲೆ ಮಣ್ಣು ಸುರಿದು ಸಂಚಾರ ತಡೆದಾಗ ಈ ಸೀಳು ಎಲ್ಲರ ಕಣ್ಣಿಗೂ ಬಿತ್ತು. ರೋಗಿಗಳ ಸಂಚಾರದ ಪ್ರಶ್ನೆ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅರ್ಧಕ್ಕೆ ಬಿಚ್ಚಿಟ್ಟ ಮಾಡುಗಳು ಯಾವ ಕೋರ್ಟನ್ನೂ ತಲುಪುವಂಥವಲ್ಲ.

ಗಡಿಯ ಎರಡೂ ಬದಿಯ ಮನೆಗಳ ಮೈಕಟ್ಟು ಒಂದೇ ಆಗಿರುವುದು ಈ ವರ್ತುಲವನ್ನು ಭದ್ರಪಡಿಸಿದೆ. ಗೋಡೆಗೆ ಮುರಕಲ್ಲು, ಮಾಡಿಗೆ ಮಂಗಳೂರು ಹಂಚು. ನೆಲದಡಿಯಲ್ಲಿ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಅದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ ಆತ, ಸ್ಥಳೀಯರು ಅದನ್ನು ಇಟ್ಟಿಗೆಕಲ್ಲು ಎಂಬರ್ಥದಲ್ಲೇ ಕರೆಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಹಂಚಿನ ಕಥೆ ಆರಂಭವಾಗುವುದು 1865ರಲ್ಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷವದು. ಮಿಷನ್ನಿನ ಕಾರ್ಖಾನೆಗಳು ಮುಂದೆ ಕೋಝಿಕ್ಕೋಡಿನಲ್ಲೂ ಮಲ್ಪೆಯಲ್ಲೂ ಬಂದವು.

ದುರಸ್ತಿಯ ಇತಿಹಾಸದಲ್ಲಿ ಹಂಚು ಒಂದು ತಿರುವು. ಮುಳಿಹುಲ್ಲಿನ ಮಾಡನ್ನು ವರ್ಷ ವರ್ಷವೂ ಹೊದೆಸಬೇಕಾಗಿತ್ತು. ಅದು ಮನೆಯವರೂ ನೆರೆಯವರೂ ಕೂಡಿ ಮುಗಿಸುವ ಕೆಲಸ. ಹಂಚಿನ ಮಾಡು ಬಂದ ಮೇಲೆ ವರ್ಷಾವಧಿಯ ಹೊದಿಕೆ ತಪ್ಪಿತು. ಆದರೆ ಕೆಲವು ವರ್ಷಗಳಿಗೊಮ್ಮೆ ಹಂಚು ಇಳಿಸಿ, ರೀಪು ಬದಲಿಸಿ, ಹಾಳಾದ ಪಕಾಸು ತೆಗೆದು, ಓರೆ ನೋಡಿ ಮತ್ತೆ ಕೂರಿಸಲು ಅಳತೆ ಬಲ್ಲವನು ಬೇಕಾದ. ನೆರೆಹೊರೆಯ ಸಹಾಯದ ಜಾಗಕ್ಕೆ ಹೊರಗಿನಿಂದ ಕರೆಸಿದ ಕಸುಬುದಾರ ಬಂದ. ಒಂದು ಊರಿನಲ್ಲಿ ಅವನಿಗೆ ವರ್ಷವಿಡೀ ಸಾಲುವಷ್ಟು ಕೆಲಸವಿರದ ಕಾರಣ ಅವನು ನಾಲ್ಕೂರು ತಿರುಗಲೇಬೇಕಾಯಿತು.

ಆ ತಿರುಗಾಟಕ್ಕೂ ಋತುವಿನ ಕಟ್ಟುಪಾಡಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿಯುವ ಈ ನಾಡಿನಲ್ಲಿ ಮಾಡು ಬಿಚ್ಚುವ ಕೆಲಸ ದೀಪಾವಳಿಯ ಅನಂತರ ಆರಂಭವಾಗಿ ಪತ್ತನಾಜೆಯ ಹೊತ್ತಿಗೆ ಮುಗಿಯಬೇಕು. ಭೂತಕೋಲ, ಆಟಗಳ ಋತುವಿಗೆ ತೆರೆ ಎಳೆಯುವ ಆ ದಿನವೇ ಮೇಸ್ತ್ರಿಗೂ ಗಡುವು. ಎಲ್ಲ ಮನೆಗಳಿಗೂ ಅದೇ ಆರೇಳು ತಿಂಗಳಲ್ಲಿ ಕೆಲಸವಾಗಬೇಕಾದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಹತ್ತಿರದ ಮೇಸ್ತ್ರಿ ಬಿಡುವಾಗಿ ಸಿಗುವುದಿಲ್ಲ. ಮನೆಯವರು ದೂರದವನನ್ನು ಕರೆಸುತ್ತಾರೆ. ಮಳೆಗಾಲದಲ್ಲಿ ಮೇಸ್ತ್ರಿಯೇ ಒಳಗೋಡೆ, ನೆಲಹಾಸು, ಬಣ್ಣದ ಕೆಲಸ ಹುಡುಕಿ ಹೊರಡುತ್ತಾನೆ. ಹೀಗೆ ವರ್ತುಲ ಋತುವಿಗೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ.

ಅಪರೂಪದ ಕೈ ದೂರ ಹೋಗುತ್ತದೆ

ಎಲ್ಲ ಕಸುಬುಗಳ ವರ್ತುಲವೂ ಒಂದೇ ಅಳತೆಯದಲ್ಲ. ಸಾರಣೆ, ನೆಲಕ್ಕೆ ಟೈಲ್ಸು, ಬಣ್ಣ ಇವುಗಳನ್ನು ಬಲ್ಲವರು ಪ್ರತಿ ಊರಿನಲ್ಲೂ ಇರುವುದರಿಂದ ಅವರು ಹೆಚ್ಚು ದೂರ ಹೋಗುವುದಿಲ್ಲ. ಮರದ ಮುಚ್ಚಿಗೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಕೆಟ್ಟದ್ದನ್ನಷ್ಟೇ ಬದಲಿಸಿ ಮತ್ತೆ ಕೂಡಿಸಬಲ್ಲ ಆಚಾರಿಗಳು ವಿರಳ. ಅವರನ್ನು ಎರಡು ತಾಲ್ಲೂಕುಗಳಾಚೆಯಿಂದಲೂ ಕರೆಸಿ, ಊಟ ವಸತಿ ಕೊಟ್ಟು ಇರಿಸಿಕೊಳ್ಳುತ್ತಾರೆ. ಮನೆಯ ಸುತ್ತಳತೆಯನ್ನು ಆಯಕ್ಕೆ ಹೊಂದಿಸುವ ಪದ್ಧತಿ ತುಳುನಾಡಿನಲ್ಲೂ ಕೇರಳದಲ್ಲೂ ಬಲವಾಗಿದೆ. ಗೃಹನಿರ್ಮಾಣವನ್ನು ಕುರಿತ ಮನುಷ್ಯಾಲಯಚಂದ್ರಿಕೆ ಎಂಬ ಸಂಸ್ಕೃತ ಗ್ರಂಥ 16ನೆಯ ಶತಮಾನದ ಕೇರಳದಲ್ಲಿ ಹುಟ್ಟಿದ್ದು. ಹಳೆಯ ಮನೆಗೆ ಒಂದು ಕೋಣೆ ಕೂಡಿಸಿದರೂ ಸುತ್ತಳತೆ ಬದಲಾಗುವುದರಿಂದ, ಕೋಲಿನ ಲೆಕ್ಕವೂ ಆಯದ ಲೆಕ್ಕವೂ ಗೊತ್ತಿರುವವನನ್ನೇ ಹುಡುಕಬೇಕಾಗುತ್ತದೆ. ಹೀಗೆ ನಂಬಿಕೆಯೂ ಮೇಸ್ತ್ರಿಯ ಆಯ್ಕೆಯನ್ನು ಕೆಲವರಿಗೆ ಸೀಮಿತಗೊಳಿಸಿ, ಅಂಥ ಕೆಲವರ ದಾರಿಯನ್ನು ಉದ್ದವಾಗಿಸುತ್ತದೆ.

ಇದರ ಇನ್ನೊಂದು ತುದಿಯಲ್ಲಿ, ಜ್ಯಾಕುಗಳನ್ನು ಕೊಟ್ಟು ಇಡೀ ಮನೆಯನ್ನು ನೆಲದಿಂದ ಮೇಲೆತ್ತುವ ಕೆಲಸವಿದೆ. ರಸ್ತೆ ಎತ್ತರವಾಗಿ ಮನೆ ತಗ್ಗಿಗೆ ಬಿದ್ದಾಗ, ನೆರೆನೀರು ಒಳನುಗ್ಗುವಾಗ ಇದು ಬೇಕಾಗುತ್ತದೆ. ಈ ಕೆಲಸಕ್ಕಾಗಿ ಹರಿಯಾಣದ ಗುತ್ತಿಗೆದಾರರು ಚೆನ್ನೈಗೂ ಕೇರಳಕ್ಕೂ ಬರುತ್ತಾರೆ. ಬಚ್ಚಲು ಸರಿಪಡಿಸಲು ಹದಿನೈದು ಕಿಲೋಮೀಟರ್ ದೂರವೆನ್ನಿಸುವ ಅದೇ ಮನೆಗೆ, ಮೇಲೆತ್ತುವ ಕೆಲಸಕ್ಕೆ ಎರಡು ಸಾವಿರ ಕಿಲೋಮೀಟರ್ ದೂರವೆನ್ನಿಸುವುದಿಲ್ಲ. ಒಮ್ಮೆ ಬಂದು, ಅಲ್ಲೇ ಉಳಿದು, ಮುಗಿಸಿ ಹೋಗುವ ಕೆಲಸವದು. ಮನೆಯವರೊಡನೆ ಆಗಬೇಕಾದ ಮಾತೂ ಕಡಿಮೆ. ಎಷ್ಟು ಸಲ, ಎಷ್ಟು ಮಾತು ಎಂಬ ಎರಡು ಅಳತೆಗೋಲುಗಳಿಗೆ ಇದು ಒಳ್ಳೆಯ ಸಾಕ್ಷ್ಯ.

ಗಡಿಯಲ್ಲಿ ಕಾಗದದ ತೂಕ

ಕಸುಬಿನ ವರ್ತುಲ ಗಡಿಯನ್ನು ಲೆಕ್ಕಿಸದಿದ್ದರೂ ಕಾನೂನು ಲೆಕ್ಕಿಸುತ್ತದೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆ ಸಲ್ಲುವ ಸ್ಥಳವೆಂದರೆ ಆಸ್ತಿ ಇರುವ ಸ್ಥಳ. ಕರ್ನಾಟಕದಲ್ಲಿ ನೋಂದಾಯಿಸಿಕೊಂಡ ಗುತ್ತಿಗೆದಾರ ಮಂಜೇಶ್ವರದ ಮನೆ ದುರಸ್ತಿ ಮಾಡಿದರೆ ಅದು ಅಂತರರಾಜ್ಯ ಸೇವೆಯಾಗುತ್ತದೆ. ವರ್ಷದ ವಹಿವಾಟು 20 ಲಕ್ಷದೊಳಗಿರುವ ಸೇವಾದಾರರಿಗೆ, ಅಂತರರಾಜ್ಯ ಸೇವೆ ಕೊಟ್ಟರೂ ನೋಂದಣಿಯ ಕಡ್ಡಾಯವನ್ನು 2017ರ ಅಕ್ಟೋಬರಿನಲ್ಲಿ ಸಡಿಲಿಸಲಾಯಿತು. ಆದ್ದರಿಂದ ಚಿಕ್ಕ ಮೇಸ್ತ್ರಿಗೆ ತೊಂದರೆಯಿಲ್ಲ. ದೊಡ್ಡವನು ತೆರಿಗೆ ಸೇರಿಸಿ ಬಿಲ್ಲು ಮಾಡುತ್ತಾನೆ. ಇಕ್ಕಟ್ಟಿಗೆ ಸಿಕ್ಕುವವನು ನಡುವಿನವನು. 50 ಲಕ್ಷದವರೆಗಿನ ಸೇವಾ ವಹಿವಾಟಿಗೆ ಶೇಕಡಾ 6ರಂತೆ ಕಟ್ಟಿ ಲೆಕ್ಕಪತ್ರದ ಭಾರ ಇಳಿಸಿಕೊಳ್ಳುವ ರಾಜಿ ತೆರಿಗೆ ಪದ್ಧತಿ ಇದೆ. ಆದರೆ ಹೊರರಾಜ್ಯಕ್ಕೆ ಸೇವೆ ಸಲ್ಲಿಸುವವರಿಗೆ ಅದು ದೊರೆಯದು. ವರ್ಷಕ್ಕೆ 30 ಲಕ್ಷದ ಕೆಲಸ ಮಾಡುವ ವಿಟ್ಲದ ಗುತ್ತಿಗೆದಾರ ಆ ಪದ್ಧತಿಯಲ್ಲಿದ್ದರೆ, ಪುತ್ತೂರಿಗೆ ನಿಶ್ಚಿಂತೆಯಿಂದ ಹೋಗಬಲ್ಲ. ಅಡ್ಯನಡ್ಕ ದಾಟಿ ಪೆರ್ಲಕ್ಕೆ ಹೋದರೆ ಆ ಸೌಲಭ್ಯವನ್ನೇ ಕಳೆದುಕೊಳ್ಳುತ್ತಾನೆ.

ಕೆಲಸಗಾರರ ರಕ್ಷಣೆಯ ಕಾನೂನುಗಳೂ ದುರಸ್ತಿಯ ಕೆಲಸವನ್ನು ಹೊರಗಿಡುವಂತೆಯೇ ರಚಿತವಾಗಿವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದುದು ಐವರು ಅಥವಾ ಹೆಚ್ಚು ಮಂದಿಯನ್ನು ಇಟ್ಟುಕೊಂಡ ಗುತ್ತಿಗೆದಾರನಿಗೆ. 2020ರ ಸಂಹಿತೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿತು. ಮನೆ ಬಿಟ್ಟು ಬಹುಕಾಲ ಹೊರಗಿರುವ ಕಾರ್ಮಿಕನನ್ನು ಕಣ್ಣೆದುರಿಟ್ಟುಕೊಂಡು ರೂಪಿಸಿದ ವ್ಯವಸ್ಥೆಯಿದು. ಬೆಳಿಗ್ಗೆ ಗಡಿ ದಾಟಿ ಸಂಜೆ ಮನೆಗೆ ಬರುವವನ ಚಿತ್ರ ಅದರಲ್ಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ವಾಸಕ್ಕಾಗಿ ಮಾಡಿಸುವ 10 ಲಕ್ಷ ರೂಪಾಯಿ ಮೀರದ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿತ್ತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಮನೆ ದುರಸ್ತಿಯ ಬಹುಪಾಲು ಈ ಮಿತಿಯೊಳಗೇ ಬೀಳುತ್ತದೆ. 1996ರ ಕಾಯ್ದೆಯಡಿ ಕಲ್ಯಾಣ ಮಂಡಳಿಯ ಫಲಾನುಭವಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕಿತ್ತು. ಮಂಡಳಿಗಳು ರಾಜ್ಯಕ್ಕೊಂದರಂತೆ ಇರುವುದರಿಂದ, ಗಡಿಯ ಈಚೆ 50, ಆಚೆ 60 ದಿನ ದುಡಿದವನು ತನ್ನ ದಿನಗಳನ್ನು ಯಾರ ಮುಂದೆ, ಯಾರ ಸಹಿಯಿಂದ ರುಜುಪಡಿಸಬೇಕೆಂಬುದು ತೊಡಕಿನ ಪ್ರಶ್ನೆ.

ಮನೆಯವರ ಪಾಲಿಗೆ ಕಾನೂನು ಇದಕ್ಕಿಂತ ಉದಾರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸತಿ ನಿರ್ಮಾಣವನ್ನು ಸೇವೆಗಳ ಸಾಲಿನಲ್ಲಿ ಸೇರಿಸಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಗುತ್ತಿಗೆದಾರ ಎಷ್ಟು ದೂರದವನೆಂಬುದು ಅಡ್ಡಿಯಲ್ಲ. ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರವಿದೆ. ಆದರೆ ದೂರು ನಿಲ್ಲಲು ಪುರಾವೆ ಬೇಕು. ದುರಸ್ತಿಯ ಒಪ್ಪಂದ ಬಹುಮಟ್ಟಿಗೆ ಜಗಲಿಯಲ್ಲಿ ಕೂತು ಆಡಿದ ಮಾತು. 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಅದನ್ನು ರುಜುವಾತು ಮಾಡುವುದು ಮಾತ್ರ ಕಷ್ಟ. ಅಲ್ಲಿಗೆ ಪ್ರಶ್ನೆ ಮತ್ತೆ ಭಾಷೆಗೆ ಬಂದು ನಿಲ್ಲುತ್ತದೆ. ಆ ಮಾತು ಯಾವ ಭಾಷೆಯಲ್ಲಿ ನಡೆಯಿತು, ಬರೆದಿದ್ದರೆ ಯಾವ ಲಿಪಿಯಲ್ಲಿ ಬರೆಯಲಾಯಿತು, ಸಹಿ ಹಾಕಿದವರು ಅದನ್ನು ಓದಬಲ್ಲವರಾಗಿದ್ದರೇ?

ಅಕ್ಕಲಕೋಟೆಯ ಕಡೆಗೆ ಒಂದು ನೋಟ

ಕಾಸರಗೋಡಿನ ಸ್ಥಿತಿ ಅದೊಂದಕ್ಕೇ ಸೀಮಿತವೇ ಎಂದು ನೋಡಲು ಉತ್ತರದ ಗಡಿಯತ್ತ ತಿರುಗಬಹುದು. ಅಕ್ಕಲಕೋಟೆಗೂ ಸೊಲ್ಲಾಪುರಕ್ಕೂ ನಡುವೆ ಸುಮಾರು 40 ಕಿಲೋಮೀಟರ್ ಅಂತರ. ದಕ್ಷಿಣಕ್ಕೆ ಇಂಡಿ, ಪೂರ್ವಕ್ಕೆ ಆಳಂದ ತಾಲ್ಲೂಕುಗಳು. ಇಲ್ಲಿ ಮೇಸ್ತ್ರಿಯ ಸ್ಥಾನದಲ್ಲಿರುವವನು ಗೌಂಡಿ. ಮರಾಠಿಯಲ್ಲೂ ಅವನು ಗವಂಡಿಯೇ. ಮನೆಗಳು ಕಲ್ಲುಗೋಡೆಯವು, ಹಳೆಯವಾದರೆ ಮೇಲೆ ಮಣ್ಣಿನ ಮಾಳಿಗೆ. ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರನ್ನು ಹೊತ್ತು ಮಹಾರಾಷ್ಟ್ರದ ಒಳಗೆಲ್ಲ ಹಬ್ಬಿದೆ. ಕಲ್ಲು ಹೋದ ದಾರಿಯಲ್ಲೇ ಕಲ್ಲು ಹಾಸುವವರೂ ಹೋದರು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಇದೇ ಬಗೆಯ ಮನೆಗಳು, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ, ಕುಸಿದು ಸಾವಿರಾರು ಜನ ಸತ್ತರು. ಅನಂತರ ಇಂಥ ಮನೆಗಳನ್ನು ಬಲಪಡಿಸಲು ತಜ್ಞರು ಸೂಚಿಸಿದ ಕ್ರಮಗಳು ಸರಳವಾಗಿದ್ದವು: ಮಾಳಿಗೆಯ ಮಣ್ಣು ಇಳಿಸಿ ಭಾರ ತಗ್ಗಿಸುವುದು, ಗೋಡೆಯ ಎರಡೂ ಮೈ ಮುಟ್ಟುವ ಅಡ್ಡಗಲ್ಲು ಕೂರಿಸುವುದು, ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ಎಲ್ಲವೂ ಸ್ಥಳೀಯ ಗೌಂಡಿಯ ಕೈಯಲ್ಲಿ ಆಗಬೇಕಾದವು. ದುರಸ್ತಿ ಎಂಬ ಮಾತು ಇಲ್ಲಿ ಅಂದಚೆಂದದ ವಿಚಾರವಾಗಿ ಉಳಿಯುವುದಿಲ್ಲ. ಅಡ್ಡಗಲ್ಲು ಏಕೆ ಬೇಕೆಂಬುದು ಗೌಂಡಿಗೆ ಅವನ ಮಾತಿನಲ್ಲಿ ತಿಳಿಯಬೇಕು, ಅವನು ಅದನ್ನು ಮನೆಯವರಿಗೆ ಅವರ ಮಾತಿನಲ್ಲಿ ಹೇಳಬೇಕು. ಆ ತಿಳಿವಳಿಕೆಗೆ ಮನೆಯೊಳಗಿನ ಜೀವಗಳ ಭಾರವಿದೆ.

ಎರಡು ಗಡಿಗಳಿಗೂ ಒಂದು ವ್ಯತ್ಯಾಸವುಂಟು. ಅಕ್ಕಲಕೋಟೆ ಸೀಮೆಯಲ್ಲಿ ಗೌಂಡಿ, ಫರಸಿ, ಗಿಲಾವು, ನೂರು ಘನ ಅಡಿಗೆ ಸಲ್ಲುವ ಬ್ರಾಸ್ ಮುಂತಾದ ಮಾತುಗಳು ಕನ್ನಡಕ್ಕೂ ಮರಾಠಿಗೂ ಬಹಳ ಮಟ್ಟಿಗೆ ಸಮಾನ. ಎರಡು ಭಾಷೆಗಳ ನಡುವೆ ಕಸುಬಿನದೇ ಒಂದು ಪದಕೋಶ ಹರಿದಾಡುತ್ತದೆ. ಕಾಸರಗೋಡಿನಲ್ಲಿ ಹಾಗಿಲ್ಲ.

ಕೆಲಸದ ಜಾಗದ ಮಾತು

ಕರಾವಳಿ ಕನ್ನಡದ ಪಕಾಸು ಮಲಯಾಳದಲ್ಲಿ ಕಳುಕ್ಕೋಲ್, ರೀಪು ಅಲ್ಲಿ ಪಟ್ಟಿಕ, ಹಂಚು ಓಡ್, ಮುರಕಲ್ಲು ಚೆಂಗಲ್ಲ್, ಸಾರಣೆ ತೇಪ್ಪ್. ಹಲಗೆಯ ಮುಚ್ಚಿಗೆಗೆ ಅಲ್ಲಿ ಮಚ್ಚ್ ಎನ್ನುತ್ತಾರೆ. ಪೋರ್ಚುಗೀಸರ ಮೆಸ್ತ್ರೆಯಿಂದ ಬಂದ ಮೇಸ್ತ್ರಿ ಎಂಬ ಪದ ಮಾತ್ರ ಅಲ್ಪಸ್ವಲ್ಪ ಉಚ್ಚಾರ ಭೇದದೊಂದಿಗೆ ಎಲ್ಲ ಭಾಷೆಗಳಲ್ಲೂ ಉಳಿದಿದೆ. ಸಪ್ತಭಾಷೆಗಳ ನಾಡೆನಿಸಿದ ಕಾಸರಗೋಡಿನಲ್ಲಿ ಮನೆಯವರ ಮಾತು ಹವ್ಯಕ ಕನ್ನಡವೋ ತುಳುವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ ಆಗಿರಬಹುದು. ಅಲ್ಲಿ ಕೆಲಸ ಹಿಡಿಯುವವನು ಎರಡು ಮೂರು ಭಾಷೆಗಳಲ್ಲಿ ಮನೆಯ ಅಂಗಾಂಗಗಳ ಹೆಸರು ಬಲ್ಲವನಾಗಿರಬೇಕು. ಅವನ ಪದಸಂಪತ್ತು ಎಷ್ಟು ದೂರದವರೆಗೆ ಸಲ್ಲುತ್ತದೆಯೋ ಅಷ್ಟು ದೂರ ಅವನ ಗುತ್ತಿಗೆಯೂ ಸಲ್ಲುತ್ತದೆ. ಅಂದಾಜು ಬದಲಾದಾಗ ಮನೆಯೊಡತಿಗೆ ಕಾರಣ ವಿವರಿಸಿ ಒಪ್ಪಿಸಲಾರದ ಕಡೆ ಅವನು ಎರಡನೆಯ ಸಲ ಕೆಲಸ ಹಿಡಿಯುವುದಿಲ್ಲ.

ಈ ಏರ್ಪಾಡು ಈಗ ಸಡಿಲಗೊಳ್ಳುತ್ತಿದೆ. ಕೇರಳದ ಕಟ್ಟಡ ಕೆಲಸ ಹೆಚ್ಚು ಹೆಚ್ಚಾಗಿ ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಂ, ಬಿಹಾರಗಳಿಂದ ಬಂದವರ ಕೈಗೆ ಸೇರಿದೆ. ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯ 2013ರ ಅಧ್ಯಯನ ಕೇರಳದಲ್ಲಿರುವ ಹೊರರಾಜ್ಯದ ಕಾರ್ಮಿಕರ ಸಂಖ್ಯೆಯನ್ನು 25 ಲಕ್ಷ ಎಂದು ಅಂದಾಜು ಮಾಡಿತ್ತು. ಅವರಿಗೆ ಮಲಯಾಳ ಕಲಿಸಲು ರಾಜ್ಯ ಸಾಕ್ಷರತಾ ಮಿಷನ್ 2017ರಲ್ಲಿ ಚಂಙಾತಿ ಯೋಜನೆಯನ್ನು ಪೆರುಂಬಾವೂರಿನಲ್ಲಿ ಆರಂಭಿಸಿತು. ಹಮಾರಿ ಮಲಯಾಳಂ ಎಂಬ ಪಠ್ಯಪುಸ್ತಕವೂ ಬಂತು. ಕಾರ್ಮಿಕರ ಹಿತದೃಷ್ಟಿಯಿಂದ ಇದು ಮೆಚ್ಚತಕ್ಕ ಹೆಜ್ಜೆ. ಆದರೆ ಕುಂಬಳೆ, ಬದಿಯಡ್ಕಗಳ ಮನೆಗಳಲ್ಲಿ ದುಡಿಯುವವನಿಗೆ ಮನೆಯ ಮಾತನ್ನು ಕಲಿಸುವವರು ಯಾರೂ ಇಲ್ಲ. ಮೇಸ್ತ್ರಿ ಮನೆಯವರೊಡನೆ ಕನ್ನಡವನ್ನೋ ತುಳುವನ್ನೋ ಆಡುತ್ತಾನೆ, ಕೆಲಸದವರೊಡನೆ ಹಿಂದಿಯಲ್ಲಿ ವ್ಯವಹರಿಸುತ್ತಾನೆ, ಪಂಚಾಯತಿಗೆ ಮಲಯಾಳದಲ್ಲಿ ಅರ್ಜಿ ಬರೆಸುತ್ತಾನೆ. ಹಿಂದೆ ಮನೆಯ ಹಿರಿಯರು ಆಚಾರಿಯ ಪಕ್ಕದಲ್ಲೇ ನಿಂತು ಇದು ಹೀಗಿರಲಿ, ಅದು ಹಾಗೇ ಇರಲಿ ಎನ್ನುತ್ತಿದ್ದರು. ಈಗ ಆ ಮಾತು ಮೇಸ್ತ್ರಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಉಳಿಸಬೇಕಾಗಿದ್ದ ಕಂಬ ಕೆಳಗಿಳಿದಿರುತ್ತದೆ.

ಪದಗಳ ನಷ್ಟವೂ ಇದರೊಡನೆ ನಡೆಯುತ್ತದೆ. ಮಾಡು ತೆಗೆದು ಸ್ಲ್ಯಾಬು ಹಾಕಿದ ಮನೆಯಲ್ಲಿ ಪಕಾಸು, ರೀಪು, ಮುಚ್ಚಿಗೆಗಳನ್ನು ಹೆಸರಿಸುವ ಸಂದರ್ಭವೇ ಬಾರದು. ವಸ್ತು ಹೋದಾಗ ಹೆಸರು ಹೋಗುವುದು ಎಲ್ಲೆಡೆಯೂ ಉಂಟು. ಗಡಿನಾಡಿನಲ್ಲಿ ಅದರ ಹಾನಿ ಹೆಚ್ಚು. ಇಲ್ಲಿ ಕನ್ನಡವು ಕಚೇರಿಯಿಂದ ಬಹುಪಾಲು ಹೊರಗುಳಿದು ಮನೆ, ತೋಟ, ಕಸುಬುಗಳಲ್ಲಿ ನೆಲೆ ನಿಂತ ಭಾಷೆ. ಕಸುಬಿನ ನೆಲೆಯೂ ತಪ್ಪಿದರೆ ಅದು ಮನೆಯೊಳಗಷ್ಟೇ ಉಳಿಯುತ್ತದೆ.

ಕಚೇರಿಯ ದಾರಿ ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಲು ಅವಕಾಶವಿತ್ತಿದೆ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಎಲ್ಲರಿಗೂ ಕೊಟ್ಟಿದೆ. ಎರಡು ರಾಜ್ಯಗಳು ಕೈಜೋಡಿಸಿದರೆ ಒಂದು ಹಳೆಯ ಮನೆ ಹೇಗೆ ಉಳಿಯಬಲ್ಲದೆಂಬುದಕ್ಕೂ ಉದಾಹರಣೆಯಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಯವರ ಮನೆ, 1930ರ ಅವರ ಕವನ ಸಂಕಲನದ ಹೆಸರಾದ ಗಿಳಿವಿಂಡು ಎಂಬ ಹೆಸರಿನಲ್ಲಿ, ಎರಡೂ ಸರ್ಕಾರಗಳ ನೆರವಿನಿಂದ ಸ್ಮಾರಕವಾಗಿ ರೂಪುಗೊಂಡಿತು. ಸಾಮಾನ್ಯರ ಮನೆಗಳಿಗೆ ಅಂಥ ನೆರವು ಬಾರದು; ಅವುಗಳಿಗೆ ಬೇಕಾದದ್ದೂ ಅಷ್ಟು ದೊಡ್ಡದಲ್ಲ.

ಕನ್ನಡ–ಮಲಯಾಳ ಎರಡೂ ಲಿಪಿಗಳಲ್ಲಿ ಅಚ್ಚಾದ ಒಂದು ಪುಟದ ದುರಸ್ತಿ ಒಪ್ಪಂದದ ನಮೂನೆ, ಬಿಚ್ಚಿದ ಮೇಲೆ ಅಂದಾಜು ಬದಲಾದರೆ ಏನೆಂಬುದಕ್ಕೂ ಮೊದಲ ಮಳೆಗೆ ಸೋರಿದರೆ ಯಾರ ಹೊಣೆಯೆಂಬುದಕ್ಕೂ ಅದರಲ್ಲಿ ಒಂದೊಂದು ಸಾಲು. ಮನೆಯ ಅಂಗಾಂಗಗಳನ್ನು ಚಿತ್ರ ಬಿಡಿಸಿ ಕನ್ನಡ, ತುಳು, ಮಲಯಾಳ, ಹಿಂದಿಗಳಲ್ಲಿ ಹೆಸರಿಸುವ ಕೈಪಿಡಿ. ಅಕ್ಕಲಕೋಟೆಯ ಕಡೆಗೆ ಇದೇ ಬಗೆಯ ಕನ್ನಡ–ಮರಾಠಿ ಕೈಪಿಡಿ. ಅಲ್ಪಸಂಖ್ಯಾತ ಭಾಷೆಗಳಿಗಾಗಿ ದುಡಿಯುವ ಕೇಂದ್ರಗಳಿಗೆ ಇವು ನಿಲುಕದ ಕೆಲಸಗಳಲ್ಲ. ಅವನ್ನು ಸಿದ್ಧಪಡಿಸಲು ಬೇಕಾದ ಪದಗಳನ್ನು ಬಲ್ಲವರು ಈಗಲೂ ಪೆರ್ಲದಲ್ಲಿ, ಮುಳ್ಳೇರಿಯದಲ್ಲಿ, ವಿಟ್ಲದಲ್ಲಿ ಇದ್ದಾರೆ. ದೀಪಾವಳಿಯಿಂದ ಪತ್ತನಾಜೆಯವರೆಗೆ ಅವರು ಮಾಡುಗಳ ಮೇಲಿರುತ್ತಾರೆ. ಮಳೆಗಾಲದಲ್ಲಿ ಕೇಳಿದರೆ ಕೂತು ಹೇಳಲು ಅವರಿಗೆ ಬಿಡುವಿರುತ್ತದೆ.